ಪದಚರ್ಚೆ: ವೇಲ್ಸ್‌ನ ‘ಕಾಂತ್ರೆವ್’ಗೆ ‘ನಾಡು’ ಸರಿಹೋದೀತೇ? ‘ಟೈದ್’ ನಕ್ಷೆಗೆ ಏನನ್ನೋಣ?

ಬಲ್ಲವರಿಗೆಲ್ಲ ನಮಸ್ಕಾರ.

ಬ್ರಿಟನ್ನಿನ ವೇಲ್ಸ್‌ನ ರಾಡ್ನರ್‌ಷೈರ್ ಎಂಬ ಗುಡ್ಡಗಾಡು ಕೌಂಟಿಯ (ನಮ್ಮ ಜಿಲ್ಲೆಯಂಥದು) ಸ್ಥಳೀಯ ಇತಿಹಾಸದ ಮೇಲೆ ಲೇಖನ ಬರೆಯುತ್ತಿದ್ದೇನೆ. 1536ರ ಕಾಯಿದೆಯಿಂದ ಹುಟ್ಟಿ 1974ರಲ್ಲಿ ಪೊವಿಸ್ ಎಂಬ ಹೊಸ ಕೌಂಟಿಯೊಳಗೆ ಸೇರಿಹೋದ ಕೌಂಟಿ ಅದು. ‘ಕೌಂಟಿ’ಯನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ತೊಡಕು ಅದರ ಹಿಂದಿನ ಕಾಲದ್ದು.

ಕೌಂಟಿ ಆಗುವ ಮೊದಲು ಅಲ್ಲಿ ಮೈಲಿಯೆನಿದ್, ಎಲ್ವೈಲ್ ಮುಂತಾದ ಸೀಮೆಗಳಿದ್ದವು. ಇಂಥ ಒಂದೊಂದೂ ವೆಲ್ಶ್ ನುಡಿಯಲ್ಲಿ ಒಂದು ‘ಕಾಂತ್ರೆವ್’. ‘ಕಾಂತ್’ ಅಂದರೆ ನೂರು, ‘ತ್ರೆವ್’ ಅಂದರೆ ನೆಲೆ, ಊರು. ಇದನ್ನು ಓದಿದಾಗ ನಮ್ಮ ಶಾಸನಗಳಲ್ಲಿ ಬರುವ ಸೀಮೆಗಳಾದ ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು, ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ) ನೆನಪಾಗದೆ ಇರುವುದಿಲ್ಲ. ವೇಲ್ಸ್‌ನಲ್ಲಿ ಎಣಿಸಹೊರಟರೆ ಎಲ್ಲ ಕಡೆಯೂ ನೂರು ಊರು ಸಿಗವು. ನಮ್ಮಲ್ಲೂ ಆ ಸಂಖ್ಯೆ ಹಳ್ಳಿಗಳದೋ ಹುಟ್ಟುವಳಿಯದೋ ಎಂಬ ವಾದ ಇನ್ನೂ ನಡೆದೇ ಇದೆ. ಹಾಗಾಗಿ ‘ನಾಡು’ ಎಂದು ಬರೆಯಲು ಮನಸ್ಸಾಗುತ್ತಿದೆ. ಈಗ ಆ ಪದ ಇಡೀ ಕನ್ನಡನಾಡಿನಷ್ಟು ಹಿಗ್ಗಿದೆ ನಿಜ, ಆದರೆ ಕೊಡಗಿನಲ್ಲಿ ಕೆಲವು ಊರುಗಳ ಗುಂಪಿಗೆ ಇಂದಿಗೂ ನಾಡು ಎನ್ನುತ್ತಾರಲ್ಲ.

ಕಾಂತ್ರೆವ್‌ನ ಒಳಗಿನ ಪಾಲು ‘ಕುಮುಡ್’. ಎಲ್ವೈಲ್‌ನ ಎರಡು ಕುಮುಡ್‌ಗಳ ಹೆಸರೇ ಬೆಟ್ಟದ ಮೇಲಣದು, ಬೆಟ್ಟದ ಕೆಳಗಣದು ಎಂದು. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ಮಾತಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಶಾಸನಗಳ ‘ಕಂಪಣ’ ಹೊಂದುತ್ತದೆಯೇ? ಬನವಾಸಿಯೊಳಗಿನ ನಾಗರಖಂಡ ಎಪ್ಪತ್ತನ್ನು ಕಂಪಣ ಎಂದಿರುವುದು ನನ್ನ ಆಧಾರ. ಓದುಗರಿಗೆ ಅಪರಿಚಿತವಾದರೂ ‘ಉಪವಿಭಾಗ’ಕ್ಕಿಂತ ಅದೇ ಮೇಲು; ಉಪವಿಭಾಗ ಎಂದರೆ ಅಸಿಸ್ಟೆಂಟ್ ಕಮಿಷನರ್ ಕಚೇರಿ ಕಣ್ಣಿಗೆ ಬರುತ್ತದೆ.

‘ತ್ರೆವ್’ ಇನ್ನೊಂದು ಕಡೆಯೂ ತಲೆಹಾಕುತ್ತದೆ. ಕಣಿವೆಯಲ್ಲಿದ್ದ ಕಾಯಂ ಮನೆ-ಜಮೀನಿಗೆ ‘ಹೆಂದ್ರೆ’ ಎನ್ನುತ್ತಿದ್ದರು, ಅಂದರೆ ಹಳೆಯ ತ್ರೆವ್. ಇಲ್ಲಿ ‘ಹಳೆಯೂರು’ ಎಂದರೆ ಅರ್ಥವೇ ಕೆಡುತ್ತದೆ, ಅದು ಒಂದೇ ಕುಟುಂಬದ ಬೇಸಾಯದ ನೆಲೆ. ‘ಒಕ್ಕಲು’ ಹತ್ತಿರ ಬರುತ್ತದೆ ಅನಿಸುತ್ತದೆ. ಬೇಸಿಗೆಯಲ್ಲಿ ದನ ಹೊಡೆದುಕೊಂಡು ಗುಡ್ಡ ಹತ್ತಿ, ಅಲ್ಲೇ ಹಾಲು ಕರೆದು ಬೆಣ್ಣೆ, ಚೀಸ್ ಮಾಡಿಕೊಂಡು ಇರುತ್ತಿದ್ದ ಮನೆ ‘ಹವೊದ್’. ಇದಕ್ಕೆ ‘ಬೇಸಿಗೆ ಹಟ್ಟಿ’ ಎಂದು ಬರೆದಿದ್ದೇನೆ. ಕರಾವಳಿಯವರಿಗೆ ಹಟ್ಟಿ ದನದ ಕೊಟ್ಟಿಗೆ, ಚಿತ್ರದುರ್ಗದ ಕಡೆಯವರಿಗೆ ಗೊಲ್ಲರ ಊರು. ಹವೊದ್‌ನಲ್ಲಿ ದನವೂ ಇದ್ದವು, ಜನರೂ ಇದ್ದರು, ಹಾಗಾಗಿ ಎರಡು ಅರ್ಥವೂ ಬೇಕೇ ಬೇಕು.

ಇನ್ನು ಟೈದ್ ನಕ್ಷೆ. ಬೆಳೆಯ ಹತ್ತರಲ್ಲೊಂದು ಪಾಲನ್ನು ಚರ್ಚಿಗೆ ಕೊಡುವ ‘ಟೈದ್’ ಪದ್ಧತಿಯನ್ನು 1836ರ ಕಾಯಿದೆ ಹಣದ ಪಾವತಿಗೆ ತಿರುಗಿಸಿತು. ಅದಕ್ಕಾಗಿ ಪ್ಯಾರಿಷ್‌ಗಳ (ಒಂದೊಂದು ಚರ್ಚಿಗೆ ಸೇರಿದ ಸೀಮೆಗಳ) ನಕ್ಷೆ ಬರೆದು, ತುಂಡು ತುಂಡಿಗೂ ನಂಬರು ಹಾಕಿ, ಜೊತೆಯ ಪಟ್ಟಿಯಲ್ಲಿ ಒಡೆಯ, ಗೇಣಿದಾರ, ಹೊಲದ ಹೆಸರು, ವಿಸ್ತೀರ್ಣ ಎಲ್ಲ ದಾಖಲಿಸಿದರು. ಈಗ ಅವು ಆಬರಿಸ್ಟ್‌ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಸಿಗುತ್ತವೆ. ವೆಲ್ಶ್ ಮಾತು ಹಿಂದೆ ಸರಿದ ರಾಡ್ನರ್‌ಷೈರ್‌ನಲ್ಲಿ ಹಳೆಯ ಹೊಲದ ಹೆಸರುಗಳು ಉಳಿದಿರುವುದಕ್ಕೆ ಈ ಪಟ್ಟಿಗಳೇ ದೊಡ್ಡ ಆಸರೆ. ಬೈಬಲ್ಲಿನ ‘ದಶಮಾಂಶ’ ಬಳಸಿದರೆ ಶಾಲೆಯ ಲೆಕ್ಕದ ದಶಮಾಂಶ ಅಡ್ಡ ಬರುತ್ತದೆ. ‘ದಸವಂದ’ ಸುಂದರವಾದ ಪದ, ಆದರೆ ಅದು ಕೆರೆ ಕಟ್ಟಿಸಿದವರಿಗೆ ಸಲ್ಲುತ್ತಿದ್ದ ಕೊಡುಗೆ. ಚರ್ಚಿನ ವಸೂಲಿಗೆ ಅದನ್ನು ಅಂಟಿಸಲು ನನಗೆ ಒಪ್ಪಿಗೆಯಿಲ್ಲ. ‘ಹತ್ತರಪಾಲು’ ಎಂದು ಹೊಸದಾಗಿ ಕಟ್ಟಿದರೆ ಕಿವಿಗೆ ಹಿತವೇ?

ಶಾಸನ ಓದಿದವರು ಕಂಪಣದ ವಿಚಾರ, ಕುರಿ-ದನ ಮೇಯಿಸುವ ಸೀಮೆಯವರು ಹಟ್ಟಿ, ರೊಪ್ಪಗಳ (ಕುರಿದೊಡ್ಡಿಗಳ) ವಿಚಾರ ತಿಳಿಸಿ. ನಿಮ್ಮ ಕಡೆ ಆಡುವ ಒಂದು ವಾಕ್ಯವನ್ನೂ ಊರಿನ ಹೆಸರನ್ನೂ ಜೊತೆಗೆ ಬರೆದರೆ ಬಹಳ ಉಪಕಾರ.