ಅಪ್‌ಡೇಟ್: ಕತ್ತೆಗೆ ದುಡ್ಡು ಕಟ್ಟಿದೆ, ಒಂದಕ್ಕಲ್ಲ

ತಾಳವಾಡಿಯಲ್ಲಿ ಕೂತು, ರಕ್ಷಿಸಿ ತಂದ ಕತ್ತೆಯ ಆರೈಕೆಗೆ ಅಂತ ತಿಂಗಳು ತಿಂಗಳು ದುಡ್ಡು ಕಟ್ಟಿದರೆ ಅದು ನಿಜಕ್ಕೂ ಕತ್ತೆಗೇ ಹೋಗುತ್ತಾ ಅಂತ ಕೇಳಿದ್ದೆ. ಹೋಗಿ ನೋಡಿ ಅಂದಿರಿ. ಗುಂಡ್ಲುಪೇಟೆ, ಬಂಡೀಪುರ ದಾಟಿ ಮಸಿನಗುಡಿ ಕಡೆ, ಆ ಕತ್ತೆಗಳನ್ನು ಸಾಕುವ ಜಾಗಕ್ಕೆ ಹೋಗಿ ಬಂದೆ. (ರಾತ್ರಿ 9ಕ್ಕೆ ಕಾಡಿನ ಗೇಟ್ ಮುಚ್ಚುತ್ತಾರೆ, ಬೇಗ ವಾಪಸ್ ಹೊರಡಿ.)

ನಾನು ಹೋದಾಗ ಗೊರಸು ಕತ್ತರಿಸುತ್ತಿದ್ದರು. 6ರಿಂದ 10 ವಾರಕ್ಕೊಮ್ಮೆ ಮಾಡಲೇಬೇಕಂತೆ. ಬಿಟ್ಟರೆ ಉದ್ದ ಬೆಳೆದು, ಹಳೇ ಕಾಲದ ಚಪ್ಪಲಿಯ ತುದಿ ಹಾಗೆ ಮೇಲಕ್ಕೆ ಬಾಗುತ್ತದೆ. ದುಡ್ಡು ಹೋಗುವುದು ಇದಕ್ಕೆ, ಒಣಹುಲ್ಲಿಗೆ, ಔಷಧಿಗೆ. ಬೆಲ್ಲ ಒಯ್ದಿದ್ದೆ, ಕೊಡಲು ಬಿಡಲಿಲ್ಲ! ಸಿಹಿ ಜಾಸ್ತಿಯಾದರೆ ಗೊರಸಿನ ಒಳಗೆ ಊತ ಬರುತ್ತದಂತೆ.

ಒಂದನ್ನೇ ಆರಿಸಿದ್ದೆ. ಅದರ ಜೊತೆಗಾತಿ ಪಕ್ಕದಿಂದ ಕದಲಲೇ ಇಲ್ಲ. ಸರಿ, ಎರಡಕ್ಕೂ ಕಟ್ಟಿದೆ. ಮನೆಯವಳಿಗೆ ಇನ್ನೂ ಹೇಳಿಲ್ಲ.