ಸಹಾಯ ಬೇಕು: ತಮ್ಮನ ಗೇಮ್ ಹುಚ್ಚು

ನಮಸ್ಕಾರ. ನನ್ನ ತಮ್ಮ ಇಂಜಿನಿಯರಿಂಗ್ ಎರಡನೇ ವರ್ಷ. ರಾತ್ರಿ ಗೇಮ್ ಶುರು ಮಾಡಿದರೆ ಹಾಲಿನವನು ಬರುವವರೆಗೂ ಎದ್ದೇಳುವುದಿಲ್ಲ. ಮೊನ್ನೆ ಅಮ್ಮ ಪಕ್ಕದಲ್ಲಿಟ್ಟ ಚಪಾತಿ ಬೆಳಿಗ್ಗೆ ಒಣಗಿ ಹಪ್ಪಳವಾಗಿತ್ತು. ಕೇಳಿದರೆ, "ಅಕ್ಕಾ, ಇದು ಫ್ಲೋ, ಸೈಕಾಲಜಿಯಲ್ಲೇ ಇದೆ" ಅಂತಾನೆ!

ಮನಶ್ಶಾಸ್ತ್ರಜ್ಞ ಚಿಕ್‌ಸೆಂಟ್‌ಮಿಹಾಯ್ ಹೇಳಿದ ಫ್ಲೋ ನನಗೂ ಗೊತ್ತು. ನಮ್ಮ ಕೈಲಾಗುವಷ್ಟೇ ಕಷ್ಟದ ಕೆಲಸ ಸಿಕ್ಕರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಗೇಮ್ ಕೂಡ ಲೆವೆಲ್ ಏರಿಸುತ್ತಾ ಅದನ್ನೇ ಮಾಡುತ್ತದೆ, ಅಲ್ವಾ? ಆದರೆ ಮೊದಲು ಚೆಸ್ ಆಡಿ ಎದ್ದಾಗ ಅವನಲ್ಲಿ ಇರುತ್ತಿದ್ದ ಖುಷಿ ಈಗ ಇಲ್ಲ. ಬರೀ ಸಿಡುಕು. ಎರಡು ಸಬ್ಜೆಕ್ಟ್ ಬ್ಯಾಕ್ ಬೇರೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಅಲ್ಲಿಗೆ ಹೋದವರು ಇದ್ದೀರಾ? ಹುಡುಗನನ್ನು ಒಪ್ಪಿಸಿದ್ದು ಹೇಗೆ? ಫೋನ್ ಕಿತ್ಕೊಳ್ಳಿ ಅನ್ನಬೇಡಿ, ಅದೂ ಆಯ್ತು. ಸದ್ಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡೋಣ ಅಂತಿದ್ದೇನೆ.