ಅನಲಾಗ್ ಡಿಲೇ ಪೆಡಲ್‌ನಲ್ಲಿ ಸೊಳ್ಳೆ ಹಾರಿದಂಥ ಸದ್ದು, ಏನು ಮಾಡಲಿ?

ಪ್ರಶ್ನೆ (ಶಿವಮೊಗ್ಗದಿಂದ)

ನಮಸ್ಕಾರ. ನಾನು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಎರಡು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಅನಲಾಗ್ ಡಿಲೇ ಪೆಡಲ್ (ಗಿಟಾರ್ ಸದ್ದಿಗೆ ಪ್ರತಿಧ್ವನಿ ಸೇರಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ತಗೊಂಡೆ. ಅದರ ಸದ್ದು ನನಗೆ ತುಂಬಾ ಇಷ್ಟ. ಪ್ರತಿಧ್ವನಿ ಸಲದಿಂದ ಸಲಕ್ಕೆ ಸ್ವಲ್ಪ ಸ್ವಲ್ಪ ಮಬ್ಬಾಗುತ್ತಾ ಹಿಂದಕ್ಕೆ ಸರಿಯುತ್ತದೆ. ನಿಧಾನದ ಹಾಡುಗಳಿಗೆ ಅದು ಬೇಕೇ ಬೇಕು.

ತೊಂದರೆ ಎರಡು ಥರ ಇದೆ. ಒಂದು, ದಪ್ಪನೆಯ "ಝುಂ" ಸದ್ದು. ಇನ್ನೊಂದು, ಕಿವಿ ಹತ್ತಿರ ಸೊಳ್ಳೆ ಬಂದ ಹಾಗೆ "ಗುಂಯ್" ಅನ್ನುತ್ತದೆ. ಅದು ಒಂದೇ ಸಮ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿದರೆ ಝುಂ ನಿಲ್ಲುತ್ತದೆ, ಸೊಳ್ಳೆ ನಿಲ್ಲುವುದಿಲ್ಲ.

ಸಿಂಗಲ್ ಕಾಯಿಲ್ ಗಿಟಾರ್, ಆಮೇಲೆ ಓವರ್‌ಡ್ರೈವ್ (ಸದ್ದು ಒರಟು ಮಾಡುವ ಪೆಡಲ್), ಕೋರಸ್ (ಸದ್ದು ಓಲಾಡಿಸಿ ದಪ್ಪ ಮಾಡುವ ಪೆಡಲ್), ಡಿಲೇ, ಕೊನೆಗೆ 15 ವ್ಯಾಟ್ ಆಂಪ್. ಮೂರೂ ಪೆಡಲ್‌ಗೆ ಒಂದೇ 9 ವೋಲ್ಟ್ ಅಡಾಪ್ಟರ್, ಕವಲು ವೈರ್ ಹಾಕಿದ್ದೇನೆ. ಕೇಬಲ್ ಎಲ್ಲಾ ಬದಲಿಸಿ ನೋಡಿದೆ. ಕೋರಸ್ ಆಫ್ ಮಾಡಿದೆ, ಓವರ್‌ಡ್ರೈವ್ ಆಫ್ ಮಾಡಿದೆ, ಆದರೂ ಸೊಳ್ಳೆ ಇದೆ. ಹಾಗಾಗಿ ಡಿಲೇಯಲ್ಲೇ ದೋಷ ಅನ್ನಿಸುತ್ತಿದೆ. ಮಾರಿದವರನ್ನು ಕೇಳಿದರೆ "ಅನಲಾಗ್ ಅಂದಮೇಲೆ ಸದ್ದು ಇದ್ದೇ ಇರುತ್ತೆ" ಅಂದರು. ಗಣಪತಿ ಹಬ್ಬ ಹತ್ತಿರ ಬಂತು, ಪೆಂಡಾಲ್ ಕಾರ್ಯಕ್ರಮಗಳಿವೆ. ದಯವಿಟ್ಟು ಯಾರಾದರೂ ಹೇಳಿ.

ಉತ್ತರ 1

ಝುಂ ಸದ್ದಿಗೆ ನಾನು ಆಂಪ್ ಪ್ಲಗ್‌ನ ಅರ್ಥ್ ಪಿನ್ ತೆಗೆದುಬಿಟ್ಟೆ. ಪೂರ್ತಿ ಹೋಯಿತು. ಒಮ್ಮೆ ಮಾಡಿ ನೋಡಿ.

ಉತ್ತರ 2 (ಬೆಂಗಳೂರು, ಪೆಡಲ್ ರಿಪೇರಿ ಮಾಡುತ್ತೇನೆ)

ಮೊದಲು ಇದನ್ನು ಹೇಳಿಬಿಡುತ್ತೇನೆ: ಅರ್ಥ್ ಪಿನ್ ತೆಗೆಯಬೇಡಿ. ಗಿಟಾರ್ ತಂತಿ ಬ್ರಿಜ್ ಮೂಲಕ, ಕೇಬಲ್‌ನ ಹೊರ ಜಾಲರಿ ಮೂಲಕ, ಆಂಪ್‌ನ ಲೋಹದ ಮೈಗೆ ಸೇರಿಕೊಂಡಿರುತ್ತದೆ. ಆಂಪ್ ಒಳಗೆ ಏನಾದರೂ ಕೆಟ್ಟರೆ 230 ವೋಲ್ಟ್ ನೇರ ನಿಮ್ಮ ಬೆರಳಿಗೆ ಬರುತ್ತದೆ. ಪೆಂಡಾಲ್‌ನಲ್ಲಿ ಮಳೆ ಬಿದ್ದ ನೆಲ, ಎದುರಿಗೆ ಮೈಕ್. ತಂತಿ ಹಿಡಿದುಕೊಂಡೇ ತುಟಿ ಮೈಕ್‌ಗೆ ತಾಗಿದರೆ ಜೀವಕ್ಕೇ ಅಪಾಯ. ಉತ್ತರ 1ರವರೇ, ನೀವೂ ಇವತ್ತೇ ಆ ಪ್ಲಗ್ ಬದಲಿಸಿ.

ಈಗ ಝುಂ. ವಾಲ್ಯೂಮ್ ಸೊನ್ನೆ ಮಾಡಿದರೆ ನಿಲ್ಲುತ್ತದೆ ಅಂದಿರಿ, ಅಂದರೆ ಅದು ಪಿಕಪ್‌ನಿಂದಲೇ (ತಂತಿಯ ಕಂಪನ ಹಿಡಿಯುವ ಗಿಟಾರ್‌ನ ಕಾಯಿಲ್) ಬರುತ್ತಿದೆ. ಆಂಪ್ ಮುಂದೆ ನಿಂತು ಗಿಟಾರ್ ಹಿಡಿದು ನಿಧಾನ ಸುತ್ತಿ. ಒಂದು ದಿಕ್ಕಿಗೆ ತಿರುಗಿದಾಗ ಸದ್ದು ಹೆಚ್ಚುಕಡಿಮೆ ಸತ್ತೇಹೋಗುತ್ತದೆ. ರೂಮಿನಲ್ಲಿ ಫ್ಯಾನ್ ಇದೆ ಅಲ್ವಾ? ರೆಗ್ಯುಲೇಟರ್ ನುಣ್ಣಗೆ ತಿರುಗುವ ನಾಬ್‌ನದ್ದಾಗಿದ್ದರೆ ಫ್ಯಾನ್ ಆಫ್ ಮಾಡಿ ಕೇಳಿ. ಅಂಥದ್ದು ಪ್ರತಿ ಸೆಕೆಂಡಿಗೆ 100 ಸಲ ಕರೆಂಟ್ ಕತ್ತರಿಸುತ್ತದೆ, ಸಿಂಗಲ್ ಕಾಯಿಲ್ ಅದನ್ನು ಹಿಡಿದುಕೊಳ್ಳುತ್ತದೆ. ಟಕ್ ಟಕ್ ಅಂತ ಹಂತ ಹಂತವಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್‌ಗೆ ಈ ಕಾಟ ಇಲ್ಲ.

ಸೊಳ್ಳೆಯ ಕಥೆ ಬೇರೆ. ಒಂದು ಪ್ರಶ್ನೆ: ಡಿಲೇಯ ಟೈಮ್ ನಾಬ್ ತಿರುಗಿಸಿದರೆ ಅದರ ಸ್ವರ ಬದಲಾಗುತ್ತದೆಯೇ? ಕೋರಸ್‌ನ ರೇಟ್ ನಾಬ್ ತಿರುಗಿಸಿದರೆ ಏರಿಳಿತದ ವೇಗ ಬದಲಾಗುತ್ತದೆಯೇ?

ಕೇಳಿದವರು

ಸರ್, ಎರಡೂ ಹೌದು! ರೇಟ್ ಜಾಸ್ತಿ ಮಾಡಿದರೆ ಸೈರನ್ ಥರ ಬೇಗ ಬೇಗ ಏರಿಳಿಯುತ್ತದೆ. ಆದರೆ ಕೋರಸ್ ಆಫ್ ಇದೆಯಲ್ಲ? ಲೈಟೂ ಉರಿಯುತ್ತಿಲ್ಲ.

ಉತ್ತರ 2

ಹಾಗಾದರೆ ನಿಮ್ಮ ಡಿಲೇ ಚೆನ್ನಾಗೇ ಇದೆ.

ಡಿಲೇ, ಕೋರಸ್ ಎರಡರಲ್ಲೂ ಬಕೆಟ್ ಬ್ರಿಗೇಡ್ ಚಿಪ್ ಇರುತ್ತದೆ. ಮನೆಗೆ ಮೋಲ್ಡ್ ಹಾಕುವ ದಿನ ಕೆಲಸದವರು ಏಣಿಯುದ್ದಕ್ಕೂ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಚಿಪ್ ಒಳಗೂ ಹಾಗೇ. ಗಿಟಾರ್ ಸದ್ದು ಒಂದು ಪುಟ್ಟ ಕೆಪಾಸಿಟರ್‌ನಿಂದ ಮುಂದಿನದಕ್ಕೆ ದಾಟುತ್ತಾ ಹೋಗುತ್ತದೆ. "ದಾಟಿಸು" ಅಂತ ತಾಳ ಹಾಕುವುದು ಕ್ಲಾಕ್. ಎಂಎನ್3205 ಚಿಪ್‌ನಲ್ಲಿ 4096 ಹಂತ. ಕ್ಲಾಕ್ 10 ಕಿಲೋಹರ್ಟ್ಸ್ ಇದ್ದರೆ 204.8 ಮಿಲಿಸೆಕೆಂಡ್ ಡಿಲೇ. ಕೋರಸ್‌ನಲ್ಲಿ ಸಾಮಾನ್ಯವಾಗಿ 1024 ಹಂತದ ಎಂಎನ್3007, ಅದರ ಕ್ಲಾಕ್ ತುಂಬಾ ವೇಗ. 68 ಕಿಲೋಹರ್ಟ್ಸ್ ಅಂತಿಟ್ಟುಕೊಳ್ಳಿ, ಅದು ಕಿವಿಗೆ ಕೇಳಿಸುವುದೇ ಇಲ್ಲ. ಆದರೆ ಡಿಲೇ ಕ್ಲಾಕ್‌ನ ಏಳನೇ ಹಾರ್ಮೋನಿಕ್, ಅಂದರೆ ಅದರ ಏಳು ಪಟ್ಟು, 70 ಕಿಲೋಹರ್ಟ್ಸ್. ಒಂದೇ ಕವಲು ವೈರ್‌ನಲ್ಲಿ ಎರಡೂ ಬೆರೆತರೆ ನಡುವಿನ ವ್ಯತ್ಯಾಸ 2 ಕಿಲೋಹರ್ಟ್ಸ್. ಅದೇ ನಿಮ್ಮ ಸೊಳ್ಳೆ. ಕೋರಸ್ ತನ್ನ ಕ್ಲಾಕನ್ನು ತಾನೇ ಓಲಾಡಿಸುತ್ತದೆ, ಆದ್ದರಿಂದ ಸ್ವರವೂ ಏರಿಳಿಯುತ್ತದೆ. ಕಾಲಲ್ಲಿ ಒತ್ತಿ ಆಫ್ ಮಾಡಿದರೆ ಗಿಟಾರ್ ಸದ್ದು ಮಾತ್ರ ಪಕ್ಕದ ದಾರಿ ಹಿಡಿಯುತ್ತದೆ. ಒಳಗೆ ಕ್ಲಾಕ್ ಓಡುತ್ತಲೇ ಇರುತ್ತದೆ.

ಕೋರಸ್‌ನಿಂದ ಅಡಾಪ್ಟರ್ ವೈರ್ ಕಿತ್ತು 9 ವೋಲ್ಟ್ ಬ್ಯಾಟರಿ ಹಾಕಿ ನೋಡಿ.

ಕೇಳಿದವರು

ಹಾಕಿದೆ ಸರ್. ಸೊಳ್ಳೆ ಪೂರ್ತಿ ಮಾಯ! ಫ್ಯಾನ್ ಆಫ್ ಮಾಡಿದೆ, ಝುಂ ಕೂಡ ಮುಕ್ಕಾಲು ಭಾಗ ಹೋಯಿತು. ಸುಮ್ನೆ ಡಿಲೇ ಬಿಚ್ಚಲು ಹೊರಟಿದ್ದೆ. ಸಣ್ಣಗೆ "ಸ್ಸ್" ಅಂತ ಒಂದು ಸದ್ದು ಉಳಿದಿದೆ.

ಉತ್ತರ 2

ಆ "ಸ್ಸ್" ಚಿಪ್‌ನದ್ದೇ ಸ್ವಭಾವ, ಬಿಟ್ಟುಬಿಡಿ. ಖಾಯಂ ಪರಿಹಾರ ಅಂದರೆ ಪ್ರತಿ ಪೆಡಲ್‌ಗೂ ಪ್ರತ್ಯೇಕ ಔಟ್‌ಪುಟ್ ಕೊಡುವ ಐಸೋಲೇಟೆಡ್ ಪವರ್ ಸಪ್ಲೈ. ಅಲ್ಲಿಯತನಕ ಕೋರಸ್‌ಗೆ ಬೇರೆ ಅಡಾಪ್ಟರ್ ಸಾಕು. ಬೆಸುಗೆ ಬರುವುದಾದರೆ ಕೋರಸ್‌ಗೆ ಹೋಗುವ ಪ್ಲಸ್ ವೈರ್‌ನಲ್ಲಿ 47 ಓಮ್ ರೆಸಿಸ್ಟರ್, ಅದರ ಪೆಡಲ್ ಕಡೆ ಪ್ಲಸ್-ಮೈನಸ್ ನಡುವೆ 220 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪಾಸಿಟರ್ ಹಾಕಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಈ ಪೆಡಲ್‌ಗಳ ಪ್ಲಗ್‌ನಲ್ಲಿ ಸಾಮಾನ್ಯವಾಗಿ ಒಳಗಿನ ತೂತು ಮೈನಸ್, ಹೊರಗಿನದು ಪ್ಲಸ್. ಮಲ್ಟಿಮೀಟರ್‌ನಲ್ಲಿ ನೋಡಿಕೊಂಡೇ ಬೆಸೆಯಿರಿ. ಕೆಪಾಸಿಟರ್ ಉಲ್ಟಾ ಹಾಕಿದರೆ ಸಿಡಿಯುತ್ತದೆ.

ಬ್ಯಾಟರಿಯಲ್ಲೇ ಹಬ್ಬ ಮುಗಿಸುವುದಾದರೆ, ಕಾರ್ಯಕ್ರಮ ಆದ ತಕ್ಷಣ ಕೋರಸ್‌ನ ಇನ್‌ಪುಟ್ ಜ್ಯಾಕ್‌ನಿಂದ ಕೇಬಲ್ ಕಿತ್ತಿಡಿ. ಕೇಬಲ್ ಸಿಕ್ಕಿಕೊಂಡಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.